ಟೈರ್ ಗಾಳಿ ನೋಡಲು ಒಂದೇ ಗೇಜ್ ಇರಲಿ

ಮಂಗಳೂರಿನಿಂದ ಕೊಯಮತ್ತೂರಿನ ರೇಸ್ ಟ್ರ್ಯಾಕ್ ಕರಿ ಮೋಟಾರ್ ಸ್ಪೀಡ್‌ವೇಗೆ ಹೊರಟಿರುವ ಹುಡುಗರಿಗೆ ಒಂದು ಮಾತು. ತಂಡಕ್ಕೆ ಒಂದೇ ಗೇಜ್ ಇಟ್ಟುಕೊಳ್ಳಿ. ಕಳೆದ ಸಲ ನಮ್ಮ ಹತ್ತಿರ ಎರಡಿದ್ದವು, ಒಂದು ಹೇಳಿದ್ದನ್ನು ಇನ್ನೊಂದು ಹೇಳುತ್ತಿರಲಿಲ್ಲ. ಸುಮ್ನೆ ಅರ್ಧ ದಿನ ಹಾಳಾಯಿತು.

ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಅಳತೆ ನೋಡಿ ಬರೆದಿಡಿ. ನಾಲ್ಕೈದು ಸುತ್ತು ಹೊಡೆದು, ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸಿ ನೋಡುವ ಜಾಗವಾದ ಪಿಟ್‌ಗೆ ಬಂದ ಕೂಡಲೇ, ಡ್ರೈವರ್ ಹೆಲ್ಮೆಟ್ ತೆಗೆಯುವ ಮೊದಲೇ, ಮತ್ತೆ ನೋಡಿ. ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಒತ್ತಡ ಏರಿರುತ್ತದೆ. ನಮ್ಮ ಕಾರಿನಲ್ಲಿ 28 ಪಿಎಸ್‌ಐ ಇದ್ದದ್ದು 33 ಆಗಿತ್ತು. ಬಲ ತಿರುವು ಜಾಸ್ತಿ ಇದ್ದರೆ ಎಡಗಡೆ ಟೈರ್‌ಗಳಿಗೇ ಹೆಚ್ಚು ಭಾರ, ಅವೇ ಹೆಚ್ಚು ಬಿಸಿಯಾಗುತ್ತವೆ. ಹಾಗಾಗಿ ನಾಲ್ಕನ್ನೂ ಬೇರೆ ಬೇರೆ ಬರೆಯಿರಿ. ಪೆನ್ ಬೇಡ, ಪೆನ್ಸಿಲ್ ಸಾಕು. ಬೆವರು ಕೈಗೆ ಶಾಯಿ ನಿಲ್ಲುವುದಿಲ್ಲ, ಕರಾವಳಿಯವರಿಗೆ ಇದನ್ನು ಹೇಳಬೇಕಾ!

ಬಿಸಿ ಟೈರಿನಿಂದ ಗಾಳಿ ಬಿಟ್ಟರೆ ಎಷ್ಟು ಬಿಟ್ಟಿರಿ ಅಂತಲೂ ಬರೆಯಿರಿ. ಮರುದಿನ ತಣ್ಣಗಾದಾಗ ಒತ್ತಡ ಕಡಿಮೆ ತೋರಿಸುತ್ತದೆ. ನಾವು ಪಂಕ್ಚರ್ ಅಂದುಕೊಂಡು ಚಕ್ರ ಬಿಚ್ಚಿ ಸೋಪ್ ನೀರು ಸುರಿದದ್ದೂ ಆಯಿತು.

ವೀಲ್ ನಟ್ ಬಿಗಿ ಮಾಡಿದ ಮೇಲೆ ನಟ್‌ನಿಂದ ರಿಮ್‌ವರೆಗೆ ಬಿಳಿ ಪೇಂಟಿನ ಗೆರೆ ಎಳೆಯಿರಿ. ಗೆರೆ ತಪ್ಪಿದರೆ ನಟ್ ಜರುಗಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ.