ಕಮ್ಮಿ ರೇಟಿನ ಫ್ರಂಟ್ ಲೋಡ್ ತಗೊಂಡು ಮೂರು ವರ್ಷ ಆಯ್ತು

ಮುಂಚೆ ನಮ್ಮನೇಲಿ ಇದ್ದಿದ್ದು ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷೀನು. ಒಗೆಯೋ ಟಬ್ಬಿಂದ ಒದ್ದೆ ಬಟ್ಟೆ ಎತ್ತಿ ಪಕ್ಕದ ಸ್ಪಿನ್ನರ್‌ಗೆ ಹಾಕಿ ಹಾಕಿ ಸೊಂಟ ಹಿಡ್ಕೊಂಡಾದ್ಮೇಲೆ ಮುಂದೆ ಬಾಗಿಲಿರೋ ಫ್ರಂಟ್ ಲೋಡೇ ತಗೊಳ್ಳೋಣ ಅಂತ ತೀರ್ಮಾನ ಆಯ್ತು, ಆದ್ರೆ ಕೈಲಿದ್ದ ದುಡ್ಡಿಗೆ ಬರೋದು 6 ಕೆಜಿದು, ಅದೂ ಆ ಸಾಲಲ್ಲಿ ಎಲ್ಲಕ್ಕಿಂತ ಕಮ್ಮಿದು.

ಮಾಡೆಲ್ ನೋಡುವಾಗ ನಾನು ಗಟ್ಟಿಯಾಗಿ ಕೇಳಿದ್ದು ಮೂರೇ. ಒಳಗೆ ನೀರು ಬಿಸಿ ಮಾಡೋ ಹೀಟರ್ ಇದ್ಯಾ, ಸ್ಪಿನ್ ಎಷ್ಟು ಆರ್‌ಪಿಎಂ (ಅಂದ್ರೆ ನಿಮಿಷಕ್ಕೆ ಎಷ್ಟು ಸುತ್ತು), ಮೋಟರ್ ಕಾರ್ಬನ್ ಬ್ರಶ್ಶಿಂದಾ ಇಲ್ಲ ಬ್ರಶ್ಶೇ ಇಲ್ಲದ ಇನ್ವರ್ಟರಾ. ವೈಫೈ, ಸ್ಟೀಮು, 15 ಪ್ರೋಗ್ರಾಂ ಇವೆಲ್ಲ ಬೇಡ ಅಂದ್ಬಿಟ್ಟೆ, ಈಗ್ಲೂ ನಾನು ತಿರುಗಿಸೋದು ಎರಡೋ ಮೂರೋ ಪ್ರೋಗ್ರಾಂ ಅಷ್ಟೇ. ಹೀಟರ್ ಇತ್ತು, 1000 ಆರ್‌ಪಿಎಂ ಇತ್ತು, ಮೋಟರ್ ಮಾತ್ರ ಬ್ರಶ್ಶಿಂದು. ಅದ್ರಿಂದ ಕಷ್ಟ ಏನು ಅಂದ್ರೆ ಸೌಂಡು. ಸ್ಪಿನ್ ಶುರುವಾದ್ರೆ ಪಕ್ಕದ ರೂಮಲ್ಲಿ ಫೋನಲ್ಲಿ ಮಾತಾಡೋಕಾಗಲ್ಲ. 1400 ಇರೋದ್ರಲ್ಲಿ ಬಟ್ಟೆ ಇನ್ನೂ ಸ್ವಲ್ಪ ಒಣಗಿ ಬರುತ್ತೆ ನಿಜ, ಆದ್ರೆ ಹೊರಗೆ ದಾರದ ಮೇಲೆ ಹಾಕೋರಿಗೆ ಅದೇನು ದೊಡ್ಡ ವಿಷಯ ಅಲ್ಲ ಅನ್ಸುತ್ತೆ. ಇನ್ನೊಂದು, ಮುಂದೆ ಅಂಟಿಸಿರ್ತಾರಲ್ಲ 10 ವರ್ಷ ವಾರಂಟಿ ಅಂತ, ಅದು ಮೋಟರ್‌ಗೆ ಮಾತ್ರ. ಬೋರ್ಡು, ಪಂಪು, ಬಾಗಿಲಿನ ರಬ್ಬರು ಯಾವ್ದೂ ಅದ್ರಲ್ಲಿ ಬರಲ್ಲ, ಕಾರ್ಡು ತಗೊಂಡು ಸಣ್ಣ ಅಕ್ಷರ ಓದಿದ್ಮೇಲೇ ನಂಗೂ ಗೊತ್ತಾಗಿದ್ದು.

ಮಷೀನ್ ಮನೆಗೆ ಬಂದ ದಿನದ ಕತೆ ಹೇಳ್ಲೇಬೇಕು. ಫಿಟ್ ಮಾಡೋರು ಎರಡು ದಿನ ಬಿಟ್ಟು ಬರ್ತೀವಿ ಅಂದ್ರು. ನಮ್ಮೆಜಮಾನ್ರಿಗೆ ತಡೆಯಕ್ಕಾಗ್ಲಿಲ್ಲ, ಪೈಪ್ ಹಾಕೋದು ತಾನೇ ಅಂತ ಅವ್ರೇ ಪೈಪ್ ಹಾಕಿ ಪ್ಲಗ್ ಚುಚ್ಚಿ ಖಾಲಿ ಮಷೀನ್ ಆನ್ ಮಾಡಿದ್ರು. ನೀರು ತುಂಬ್ತು, ತಿರುಗ್ತು, ಎಲ್ಲ ಚೆನ್ನಾಗೇ ಇತ್ತು. ಸ್ಪಿನ್‌ಗೆ ಬಂತು ನೋಡಿ, ಅಷ್ಟು ಭಾರದ ಮಷೀನು ಧಡಧಡ ಅಂತ ಕುಣೀತಾ ಗೋಡೆ ಬಿಟ್ಟು ಒಂದು ಗೇಣು ಮುಂದಕ್ಕೆ ಬಂತು, ನಾನು ಓಡಿಹೋಗಿ ಸ್ವಿಚ್ ಆಫ್ ಮಾಡ್ದೆ. ಆಮೇಲೆ ಮ್ಯಾನ್ಯುಯಲ್ ತೆಗೆದ್ರೆ ಮೊದಲನೇ ಪುಟದಲ್ಲೇ ಚಿತ್ರ ಸಮೇತ ಇದೆ, ಹಿಂದುಗಡೆ ನಾಲ್ಕು ಟ್ರಾನ್ಸಿಟ್ ಬೋಲ್ಟ್ ಇರುತ್ತೆ, ಬಿಚ್ಚದೆ ಓಡಿಸಬೇಡಿ ಅಂತ. ಒಳಗಿನ ಟಬ್ಬು ಸ್ಪ್ರಿಂಗಲ್ಲಿ ನೇತಾಡ್ತಿರುತ್ತೆ, ಕೆಳಗೆ ಶಾಕ್ ಅಬ್ಸಾರ್ಬರ್, ಅಲ್ಲಾಡದೇ ಇರಕ್ಕೆ ಟಬ್ಬಿಗೇ ಕಾಂಕ್ರೀಟ್ ತೂಕ ಕಟ್ಟಿರ್ತಾರೆ. ಗಾಡೀಲಿ ತರುವಾಗ ಅದು ಒಳಗೆ ಬಡ್ಕೋಬಾರ್ದು ಅಂತ ಬೋಲ್ಟ್ ಹಾಕಿ ಬಿಗಿದಿರ್ತಾರೆ. ಅದನ್ನ ಬಿಚ್ಚದೆ ಓಡಿಸಿದ್ರೆ ಸ್ಪ್ರಿಂಗಿಗೆ ಕೆಲಸವೇ ಇಲ್ಲ, ಅಲ್ಲಾಟ ಎಲ್ಲ ನೇರ ಬಾಡಿಗೇ ಹೊಡಿಯುತ್ತೆ. ನಮ್ಮದಕ್ಕೆ 10ನೇ ನಂಬರ್ ಸ್ಪ್ಯಾನರ್ ಬೇಕಾಯ್ತು. ಬೋಲ್ಟ್ ಲೂಸ್ ಮಾಡಿ, ಅದರ ಜೊತೆ ಇರೋ ಪ್ಲಾಸ್ಟಿಕ್ಕು ರಬ್ಬರು ಎಲ್ಲ ಒಟ್ಟಿಗೆ ಎಳ್ಕೊಂಡು, ಆ ತೂತುಗಳಿಗೆ ಕೊಟ್ಟಿರೋ ಮುಚ್ಚಳ ಒತ್ತಿದ್ವಿ. ಬೋಲ್ಟ್ ನಾಲ್ಕನ್ನೂ ನನ್ನ ಗುಂಡಿ-ಸೂಜಿ ಡಬ್ಬಿಯಲ್ಲಿ ಹಾಕಿಟ್ಟೆ, ಎಸೀಲಿಲ್ಲ. ಇದು ನಾನು ಮಾಡಿದ ಒಂದು ಬುದ್ಧಿವಂತಿಕೆ ಕೆಲಸ.

ಯಾಕಂದ್ರೆ ಎರಡೇ ತಿಂಗಳಿಗೆ ಅದನ್ನ ಜಾಗ ಬದಲಾಯಿಸಬೇಕಾಯ್ತು. ಮೊದ್ಲು ಇಟ್ಟಿದ್ದು ಮೇಲಿನ ಮಹಡೀಲಿ, ಟ್ಯಾಂಕಿ ಸರೀ ತಲೆ ಮೇಲೇ ಇದೆ. ನೀರು ಸಣ್ಣಗೆ ಬರೋದು, ತುಂಬೋಕೇ ಹೊತ್ತಾಗಿ ನೀರಿಲ್ಲ ಅಂತ ಎರರ್ ತೋರಿಸಿ ನಿಂತ್ಬಿಡೋದು. ಇನ್ಲೆಟ್ ಪೈಪ್ ಬಿಚ್ಚಿ ಅದರ ಬಾಯಲ್ಲಿರೋ ಸಣ್ಣ ಜಾಲರಿ ತೊಳೆದ್ವಿ, ಎರಡು ದಿನ ಸರಿ ಹೋಯ್ತು, ಮತ್ತೆ ಅದೇ ರಾಗ. ಲೆಕ್ಕ ಸುಲಭ, 10 ಮೀಟರ್ ಎತ್ತರದಿಂದ ನೀರು ಬಂದ್ರೆ ಸುಮಾರು 1 ಬಾರ್ ಪ್ರೆಶರ್, ನಮ್ಮ ಮಷೀನು ಕೇಳೋದು ಕನಿಷ್ಠ 0.3 ಬಾರ್, ಅಂದ್ರೆ ನಲ್ಲಿಗಿಂತ ನೀರಿನ ಮಟ್ಟ 3 ಮೀಟರಾದ್ರೂ ಮೇಲಿರ್ಬೇಕು. ನಮ್ಮದು ಎರಡು ಮೀಟರೂ ಇರ್ಲಿಲ್ಲ. ಪ್ರೆಶರ್ ಪಂಪ್ ಹಾಕೋ ಬದಲು ಮಷೀನನ್ನೇ ಕೆಳಗಿನ ಮನೆಗೆ ಇಳಿಸಿದ್ವಿ. ಡಬ್ಬಿಯಿಂದ ಬೋಲ್ಟ್ ತೆಗೆದು ವಾಪಸ್ ಹಾಕಿ, ಇಳಿಸಿ, ಮತ್ತೆ ಬಿಚ್ಚಿದ್ವಿ.

ಕೆಳಗಿಟ್ಟಾಗ ಚಕ್ರದ ಸ್ಟ್ಯಾಂಡ್ ತಗೊಳ್ಳಿ ಅಂತ ಒಬ್ರು ಹೇಳಿದ್ರು, ಬೇಡ ಅಂದೆ. ಕುಣಿಯೋ ಮಷೀನಿಗೆ ಚಕ್ರ ಬೇರೆ ಕೊಡೋದಾ! ಕಾಲುಗಳನ್ನ ತಿರುಗಿಸಿ ಲೆವೆಲ್ ಮಾಡಿ, ಮೂಲೆ ಮೂಲೆ ಒತ್ತಿ ನೋಡಿದ್ವಿ, ಯಾವ ಮೂಲೆಯೂ ಕುಂಟಬಾರ್ದು. ಆಮೇಲೆ ಕಾಲಿನ ನಟ್ಟನ್ನ ಮೇಲಕ್ಕೆ ಬಿಗಿ ಮಾಡ್ಬೇಕು, ಇಲ್ಲಾಂದ್ರೆ ನಾಲ್ಕು ಸಲ ಸ್ಪಿನ್ ಆಗೋಷ್ಟ್ರಲ್ಲಿ ಮತ್ತೆ ಸಡಿಲ.

ಈಗ ಸೋಪಿನ ವಿಷಯ. ನಿಜ ಹೇಳ್ಬೇಕಂದ್ರೆ ಮಷೀನಿಗಿಂತ ಇದ್ರಲ್ಲೇ ನಾನು ಜಾಸ್ತಿ ತಪ್ಪು ಮಾಡಿದ್ದು. ಹಳೇದಕ್ಕೆ ಹಾಕ್ತಿದ್ದ ಪುಡಿಯನ್ನೇ, ಅದೇ ಲೆಕ್ಕದಲ್ಲಿ, ಕಪ್ ತುಂಬಾ ಹಾಕ್ದೆ. ಗಾಜಲ್ಲಿ ಬಟ್ಟೆ ಕಾಣ್ದೇ ಬರೀ ನೊರೆ, ಸೋಪಿನ ಡ್ರಾಯರ್ ಸಂದಿಯಿಂದ ನೊರೆ ಇಳೀತಾ ಇದೆ. ಫ್ರಂಟ್ ಲೋಡಲ್ಲಿ ನೀರು ಕಮ್ಮಿ, ಬಟ್ಟೆ ಮೇಲಕ್ಕೆ ಹೋಗಿ ಕೆಳಗೆ ಬಿದ್ದು ಬಿದ್ದು ಕೊಳೆ ಹೋಗೋದು, ನೊರೆ ಜಾಸ್ತಿ ಆದ್ರೆ ಆ ಬೀಳೋ ಏಟೇ ಸಿಗಲ್ಲ, ಮೆತ್ತೆ ಮೇಲೆ ಬಿದ್ದ ಹಾಗೆ. ಕಮ್ಮಿ ನೊರೆಯ, ಫ್ರಂಟ್ ಲೋಡ್‌ದೇ ಸೋಪು ತಂದ್ಮೇಲೂ ಪ್ಯಾಕೆಟ್ಟಲ್ಲಿ ಬರೆದಷ್ಟು ಹಾಕ್ತಿದ್ದೆ, ಟವೆಲ್ ಮಾತ್ರ ಹಲಗೆ ಥರ ಗಟ್ಟಿ, ಮಗಂಗೆ ಕತ್ತಿನ ಹತ್ರ ತುರಿಕೆ. ಒಂದಿನ ಏನ್ ಮಾಡ್ದೆ ಅಂದ್ರೆ, ಒಗೆದಿದ್ದ ನಾಲ್ಕು ಟವೆಲ್ ಹಾಕಿ, ಸೋಪು ಒಂಚೂರೂ ಹಾಕದೇನೇ 40 ಡಿಗ್ರೀಲಿ ಓಡಿಸಿ ಗಾಜಿನ ಮುಂದೆ ಸ್ಟೂಲ್ ಹಾಕ್ಕೊಂಡು ಕೂತೆ. ಹತ್ತು ನಿಮಿಷಕ್ಕೆ ನೊರೆ ಬಂತು, ಒಂದು ಹನಿ ಸೋಪಿಲ್ದೆ! ಅಷ್ಟೂ ಹಳೇ ಸೋಪು, ಟವೆಲ್ ಒಳಗೇ ಕೂತಿತ್ತು. ಅವತ್ತಿಂದ ಇಳಿಸ್ತಾ ಇಳಿಸ್ತಾ ಬಂದು ಈಗ ತುಂಬಿದ ಲೋಡಿಗೆ ಎರಡು ಚಮಚ ಪುಡಿ ಹಾಕ್ತೀನಿ, ಕೊಳೆ ಜಾಸ್ತಿ ಇದ್ರೆ ಮೂರು. ಗಡಸು ನೀರಿರೋರಿಗೆ ಇನ್ನೊಂಚೂರು ಬೇಕಾಗುತ್ತೆ. ಡ್ರಾಯರಲ್ಲಿ II ಅಂತ ಬರೆದಿರೋ ಖಾನೇಲೇ ಹಾಕಿ, I ಅನ್ನೋದು ಪ್ರೀವಾಶಿಗೆ, ಅಂದ್ರೆ ಮುಖ್ಯ ಒಗೆತಕ್ಕೆ ಮುಂಚಿನ ಒಗೆತಕ್ಕೆ, ಅಲ್ಲಿ ಹಾಕಿ ಪ್ರೀವಾಶ್ ಒತ್ತದಿದ್ರೆ ಪುಡಿ ಅಲ್ಲೇ ಕೂತಿರುತ್ತೆ.

ನಮ್ಮತ್ತೆ ಮೊದಮೊದ್ಲು ಮಷೀನ್ ಮುಂದೆ ನಿಂತು ಗಡಿಯಾರ ನೋಡೋರು. ಎರಡೂವರೆ ಗಂಟೆ ಒಗೆದ್ರೆ ಬಟ್ಟೆ ಹರಿದು ಹೋಗಲ್ವೇನೇ ಅಂತ. ಇಲ್ಲ ಅತ್ತೆ, ಅದ್ರಲ್ಲಿ ಸುಮಾರು ಹೊತ್ತು ನೆನೆಸೋದೇ ಅಂತ ಹೇಳಿ ಹೇಳಿ ಸಾಕಾಯ್ತು. 15 ನಿಮಿಷದ ಪ್ರೋಗ್ರಾಂ ಒಂದಿದೆ, ಅದು ಒಂದೆರಡು ಕೆಜಿ ಬೆವರಿನ ಬಟ್ಟೆಗೆ ಸರಿ, ಡ್ರಮ್ ತುಂಬಾ ತುರುಕಿದ್ರೆ ಬಟ್ಟೆ ಒದ್ದೆ ಆಗೋದಷ್ಟೇ. 6 ಕೆಜಿ ಅನ್ನೋದೂ ಹತ್ತಿ ಬಟ್ಟೆ ಲೆಕ್ಕ, ಸಿಂಥೆಟಿಕ್ ಆದ್ರೆ ಅರ್ಧ. ಮತ್ತೆ ಒಂದೇ ಒಂದು ದಪ್ಪ ಮ್ಯಾಟ್ ಹಾಕಿ ಸ್ಪಿನ್ ಆಗ್ಲಿಲ್ಲ ಅಂತ ಬೈಕೋಬೇಡಿ. ತೂಕ ಎಲ್ಲ ಒಂದೇ ಕಡೆ ಇದ್ರೆ ಅದು ಹೆದರ್ಕೊಂಡು ತಿರುಗೋಕೇ ಹೋಗಲ್ಲ, 9 ನಿಮಿಷ ಅಂತ ತೋರಿಸ್ಕೊಂಡು ಅರ್ಧ ಗಂಟೆ ಅಲ್ಲೇ ನಿಲ್ಲುತ್ತೆ. ಜೊತೆಗೆ ಎರಡು ಟವೆಲ್ ಹಾಕಿ, ಸರಿ ಹೋಗುತ್ತೆ.

ಆರನೇ ತಿಂಗಳಿಗೆ ವಾಸನೆ ಶುರು. ಬಾಗಿಲಿನ ಬೂದು ರಬ್ಬರಿನ ಮಡಿಕೆ ಬಿಡಿಸಿ ನೋಡಿದ್ರೆ ಕಪ್ಪು ಚುಕ್ಕೆ, ಲೋಳೆ, ಒಂದು ಮಗು ಸಾಕ್ಸು, ಅದು ಯಾವಾಗಿಂದ ಅಲ್ಲಿತ್ತೋ. ಯಾವಾಗ್ಲೂ ತಣ್ಣೀರು, ಜೊತೆಗೆ ಬಟ್ಟೆ ಮೆತ್ತಗಾಗ್ಲಿ ಅಂತ ಹಾಕೋ ಕಂಡೀಷನರ್, ಒಗೆದ ತಕ್ಷಣ ಬಾಗಿಲು ಟಪ್ ಅಂತ ಮುಚ್ಚೋದು, ಇನ್ನೇನಾಗುತ್ತೆ. ಈಗ ತಿಂಗಳಿಗೊಂದ್ಸಲ ಖಾಲಿ ಮಷೀನು 90 ಡಿಗ್ರೀಲಿ ಓಡಿಸ್ತೀನಿ, ಕಂಡೀಷನರ್ ಬಿಟ್ಟೇಬಿಟ್ಟೆ, ಪ್ರತಿ ಸಲ ಮಡಿಕೆ ಒರೆಸಿ ಬಾಗಿಲು ಸ್ವಲ್ಪ ತೆರೆದಿಡ್ತೀನಿ. ಮನೇಲಿ ಪುಟ್ಟ ಮಕ್ಕಳಿದ್ರೆ ಇದೊಂದು ಹುಷಾರು, ಒಳಗೆ ಹೋಗಿ ಕೂತ್ಬಿಡ್ತಾವೆ, ಹಾಗಿದ್ರೆ ಆ ರೂಮಿಗೇ ಬಾಗಿಲು ಹಾಕ್ಕೊಳ್ಳಿ.

ಮೊನ್ನೆ ಸ್ಪಿನ್ನಲ್ಲಿ ಕರಕರ ಅಂತ ಹೊಸ ಸೌಂಡ್ ಶುರುವಾದಾಗ ಎದೆ ಧಸಕ್ ಅಂತು. ನಮ್ಮ ಮಷೀನಿನ ಟಬ್ಬು ಬಿಚ್ಚಕ್ಕೆ ಬರದ ಹಾಗೆ ಅಂಟಿಸಿರೋದು, ಬೇರಿಂಗ್ ಹೋದ್ರೆ ಇಡೀ ಟಬ್ಬೇ ಬದಲಾಯಿಸ್ಬೇಕು, ಆ ಖರ್ಚಿಗೆ ಹೊಸದೇ ತಗೋಬಹುದು. ಪ್ಲಗ್ ಕಿತ್ತು, ಡ್ರಮ್ಮಿನ ಅಂಚು ಹಿಡಿದು ಮೇಲಕ್ಕೆ ಎತ್ತಿ ನೋಡಿದೆ, ಬಟ್ಟೆ ತಿರುಗಿಸೋ ಡ್ರಮ್ಮು, ಅದರ ಸುತ್ತ ನೀರು ನಿಲ್ಲೋ ಟಬ್ಬು ಎರಡೂ ಒಟ್ಟಿಗೇ ಎದ್ವು, ಮಧ್ಯ ಲೊಡಲೊಡ ಇಲ್ಲ. ಹಾಗಾದ್ರೆ ಬೇರಿಂಗ್ ಅಲ್ಲ ಅಂತ ಸ್ವಲ್ಪ ಸಮಾಧಾನ ಆಗಿ ಕೆಳಗೆ ಬಲಗಡೆ ಪಂಪ್ ಫಿಲ್ಟರಿನ ಮುಚ್ಚಳಕ್ಕೆ ಬಂದೆ. ಇದನ್ನ ಮೊದಲ ಸಲ ತೆಗೆದಾಗ ನೆಲವೆಲ್ಲ ನೀರು ಮಾಡ್ಕೊಂಡಿದ್ದೆ, ಈಗ ಪಕ್ಕದ ಸಣ್ಣ ಪೈಪಿಂದ ಮೊದ್ಲು ತಟ್ಟೆಗೆ ನೀರು ಇಳಿಸಿ ಆಮೇಲೆ ತಿರುಗಿಸ್ತೀನಿ. ಕೂದಲಿನ ಉಂಡೆ, ಒಂದು ನಾಣ್ಯ, ಅರ್ಧ ಮುರಿದ ಹೇರ್‌ಪಿನ್ನು. ತೊಳೆದು ವಾಪಸ್ ಹಾಕಿ ಸ್ಪಿನ್ ಬಿಟ್ಟೆ, ಹಳೇ ಸೌಂಡೇ ಬಂತು, ಪಕ್ಕದ ರೂಮಲ್ಲಿ ಫೋನಲ್ಲಿ ಮಾತಾಡಕ್ಕಾಗದ ಅದೇ ಸೌಂಡು.