ಹೊಳೆ ಏರುವ ಮೊದಲೇ ಫೋನು ಕೂಗಬೇಕು: ಮಲೆನಾಡಿಗೆ ತುರ್ತು ಸಂದೇಶ ಸಿದ್ಧಪಡಿಸುವ ಬಗೆ

ಒಂದು ಆಷಾಢದ ಸಂಜೆ ನಮ್ಮೂರಿನವರ ಫೋನುಗಳಿಗೆ ಬಂದ ಎಸ್‌ಎಂಎಸ್‌ನಲ್ಲಿ ‘ನದಿ ಪಾತ್ರದ ಸಾರ್ವಜನಿಕರು ಎಚ್ಚರಿಕೆಯಿಂದ ಇರತಕ್ಕದ್ದು’ ಎಂದಷ್ಟೇ ಇತ್ತು. ಅದನ್ನು ಓದಿದ ನೆರೆಮನೆಯ ಹಿರಿಯರು ಕಂಬಳಿಕೊಪ್ಪೆ ಹಾಕಿಕೊಂಡು, ಕೈಯಲ್ಲಿ ಬ್ಯಾಟರಿ ಹಿಡಿದು, ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡಲು ಹೊಳೆಯ ಕಡೆಗೇ ನಡೆದರು. ಶಿವಮೊಗ್ಗದಲ್ಲಿಯೂ ತುಂಗೆ ತುಂಬಿದಳೆಂಬ ಸುದ್ದಿ ಬಂದರೆ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೇ ಎಂದು ನೋಡಲು ಜನ ಸೇರುತ್ತಾರೆ. ಏನು ಮಾಡಬೇಕೆಂದು ಹೇಳದ ಎಚ್ಚರಿಕೆಯು ಜನರನ್ನು ಅಪಾಯದ ಸ್ಥಳಕ್ಕೇ ಕರೆದೊಯ್ಯಬಲ್ಲದು. ಆದ್ದರಿಂದ ತಾಲ್ಲೂಕು ಕಚೇರಿಯಲ್ಲಿಯೋ ಗ್ರಾಮ ಪಂಚಾಯಿತಿಯಲ್ಲಿಯೋ ಇಂಥ ಸಂದೇಶದ ಕರಡು ಬರೆಯುವವರಿಗಾಗಿ ಈ ಬರಹ.

ಮೊದಲು ದಾರಿಯನ್ನು ತಿಳಿದುಕೊಳ್ಳಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ವ್ಯವಸ್ಥೆಗೆ ಹವಾಮಾನ ಇಲಾಖೆ, ಕೇಂದ್ರ ಜಲ ಆಯೋಗ ಮುಂತಾದ ಸಂಸ್ಥೆಗಳು ಮುನ್ಸೂಚನೆ ಕೊಡುತ್ತವೆ. ರಾಜ್ಯ ಮಟ್ಟದ ಪ್ರಾಧಿಕಾರದ ಒಪ್ಪಿಗೆಯ ಬಳಿಕ ಅದು ದೂರಸಂಪರ್ಕ ಕಂಪನಿಗಳ ಮೂಲಕ ಜನರನ್ನು ತಲುಪುತ್ತದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಕಳುಹಿಸುವ ಗುಂಡಿ ನಮ್ಮ ಕೈಯಲ್ಲಿಲ್ಲ, ಆದರೆ ಯಾವ ಊರು, ಯಾವ ಸೇತುವೆ, ಯಾವ ಶಾಲೆ ಎಂಬ ವಿವರ ನಮ್ಮಲ್ಲಿಯೇ ಇದೆ, ಮತ್ತು ಸಂದೇಶದ ಜೀವ ಇರುವುದು ಆ ವಿವರದಲ್ಲಿ.

ತಲುಪಿಸುವ ಬಗೆಗಳು ಎರಡು. ಎಸ್‌ಎಂಎಸ್ ಒಂದೊಂದೇ ನಂಬರಿಗೆ ಹೋಗುವುದರಿಂದ ಲಕ್ಷಾಂತರ ಜನರಿಗೆ ಕಳುಹಿಸುವಾಗ ಹೊತ್ತು ಹಿಡಿಯುತ್ತದೆ. ಸೆಲ್ ಬ್ರಾಡ್‌ಕಾಸ್ಟ್‌ನಲ್ಲಿ ಟವರ್ ತನ್ನ ವ್ಯಾಪ್ತಿಯ ಎಲ್ಲ ಫೋನುಗಳಿಗೂ ಆಕಾಶವಾಣಿಯಂತೆ ಒಮ್ಮೆಗೇ ಬಿತ್ತರಿಸುತ್ತದೆ. ಅದಕ್ಕೆ ಯಾರ ನಂಬರೂ ಬೇಕಾಗಿಲ್ಲ, ಜೋಗ ನೋಡಲು ಹೊರರಾಜ್ಯದಿಂದ ಬಂದವರ ಫೋನೂ ಕೂಗುತ್ತದೆ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಪರೀಕ್ಷಾರ್ಥ ಮೊಳಗಿದ ಆ ವಿಚಿತ್ರ ಸದ್ದು ಇದೇ. ಆದರೆ ಯಾರಿಗೆ ತಲುಪಿತು, ಯಾರು ಓದಿದರು ಎಂಬುದನ್ನು ಇದು ಹಿಂತಿರುಗಿ ತಿಳಿಸುವುದಿಲ್ಲ.

ಪ್ರದೇಶವನ್ನು ಗುರುತಿಸುವಾಗ ಇಡೀ ತಾಲ್ಲೂಕನ್ನು ಆರಿಸಿ ಕೈತೊಳೆದುಕೊಳ್ಳಬಾರದು. ನಕ್ಷೆಯ ಮೇಲೆ ಬಹುಭುಜಾಕೃತಿ ಎಳೆಯಬಹುದು. ಅದರ ಮೊದಲ ಬಿಂದು ಮತ್ತು ಕೊನೆಯ ಬಿಂದು ಒಂದೇ ಆಗಿರಬೇಕು. ಹೊಳೆಯ ನೆರೆಯಾದರೆ ಎರಡೂ ದಂಡೆಗಳನ್ನು ಸೇರಿಸಿ ಕೆಳಹರಿವಿನ ಕಡೆಗೆ ಉದ್ದವಾಗಿ ಎಳೆಯಿರಿ, ಧರೆ ಕುಸಿತದ ಭಯವಾದರೆ ಗುಡ್ಡದ ನೆತ್ತಿಗಿಂತ ಅದರ ಬುಡದ ಮನೆಗಳು ಮತ್ತು ರಸ್ತೆ ಒಳಗೆ ಬಂದಿವೆಯೇ ಎಂದು ನೋಡಿರಿ. ಆಕೃತಿಯ ಗೆರೆಗೂ ಟವರಿನ ವ್ಯಾಪ್ತಿಗೂ ಮಲೆನಾಡಿನಲ್ಲಿ ಅಷ್ಟಾಗಿ ಹೊಂದುವುದಿಲ್ಲ: ಗುಡ್ಡದ ಮೇಲಿನ ಟವರ್ ಆಚೆ ಕಣಿವೆಯವರನ್ನೂ ಎಬ್ಬಿಸುತ್ತದೆ, ಈಚೆಯ ಕಣಿವೆಯ ಮರೆಯಲ್ಲಿರುವ ಮನೆಗೆ ಏನೂ ಕೇಳಿಸುವುದಿಲ್ಲ. ಹೀಗಾಗಿ ಸಂದೇಶದ ಒಳಗೇ ಊರಿನ ಹೆಸರು ಇರಲೇಬೇಕು. ತನಗಲ್ಲದ್ದನ್ನು ಓದಿದವನು ಅದು ತನಗಲ್ಲವೆಂದು ಆಗ ತಿಳಿದುಕೊಳ್ಳುತ್ತಾನೆ.

ಇನ್ನು ಬರವಣಿಗೆ. ಇಲ್ಲಿ ನಾವು ಅತಿ ಹೆಚ್ಚು ಎಡವುತ್ತೇವೆ. ಕನ್ನಡದ ಒಂದು ಎಸ್‌ಎಂಎಸ್‌ನಲ್ಲಿ 70 ಸಂಕೇತಗಳು ಹಿಡಿಯುತ್ತವೆ. ಸೆಲ್ ಬ್ರಾಡ್‌ಕಾಸ್ಟ್‌ನಲ್ಲಿ ಪುಟಕ್ಕೆ ಸುಮಾರು 40ರಂತೆ 15 ಪುಟಗಳವರೆಗೆ ಅವಕಾಶವಿದೆ. ಸಂಕೇತವೆಂದರೆ ಕಣ್ಣಿಗೆ ಕಾಣುವ ಅಕ್ಷರವಲ್ಲ. ‘ತೀರ್ಥಹಳ್ಳಿ’ ಎಂದು ಬರೆದರೆ ನಮಗೆ ನಾಲ್ಕೇ ಅಕ್ಷರ, ಆದರೆ ಗುಣಿತದ ಚಿಹ್ನೆ, ಒತ್ತಕ್ಷರಗಳ ಹಲಂತ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುವ ಯಂತ್ರಕ್ಕೆ ಅದು ಹತ್ತು. ‘ಇರತಕ್ಕದ್ದು’, ‘ಈ ಮೂಲಕ ತಿಳಿಯಪಡಿಸಲಾಗಿದೆ’ ಎಂಬ ಕಡತದ ಮಾತುಗಳಿಗೆ ಇಲ್ಲಿ ಜಾಗವೂ ಇಲ್ಲ, ಅವುಗಳಿಂದ ಪ್ರಯೋಜನವೂ ಇಲ್ಲ. ಮೊದಲ ವಾಕ್ಯದಲ್ಲಿ ಅಪಾಯವೇನು, ಎಲ್ಲಿ ಎಂಬುದು ಬರಲಿ. ಅದರ ಬೆನ್ನಿಗೇ ಏನು ಮಾಡಬೇಕು, ಏನು ಮಾಡಬಾರದು, ಎಷ್ಟು ಹೊತ್ತಿನವರೆಗೆ, ಕಳುಹಿಸಿದವರು ಯಾರು. ಅಭ್ಯಾಸಕ್ಕಾಗಿ ಬರೆದ ಒಂದು ಕರಡು ಹೀಗಿದೆ:

‘ತುಂಗಾ ಹೊಳೆ ಏರುತ್ತಿದೆ. ಗಾಜನೂರು ಅಣೆಕಟ್ಟೆಯಿಂದ ಇಂದು ಸಂಜೆ 6ಕ್ಕೆ ಹೆಚ್ಚು ನೀರು ಬಿಡುತ್ತಾರೆ. ಹೊಳೆದಂಡೆಯ ಮನೆಯವರು 5 ಗಂಟೆಯೊಳಗೆ ಕಾಳಜಿ ಕೇಂದ್ರಕ್ಕೆ ಹೊರಡಿ. ದನಗಳ ಹಗ್ಗ ಬಿಚ್ಚಿ. ನೀರು ನೋಡಲು ಹೊಳೆಗೆ ಹೋಗಬೇಡಿ. ನಾಳೆ ಬೆಳಿಗ್ಗೆ 8ರವರೆಗೆ. ನೆರವಿಗೆ 112. ಜಿಲ್ಲಾಡಳಿತ.’

ನಿಜವಾದ ಸಂದೇಶದಲ್ಲಿ ಊರಿನ ಹೆಸರನ್ನೂ ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿದೆ ಎಂಬುದನ್ನೂ ಬರೆಯಬೇಕು. ‘ದನಗಳ ಹಗ್ಗ ಬಿಚ್ಚಿ’ ಎಂಬ ಮೂರು ಪದಗಳನ್ನು ಯಾರೂ ಕತ್ತರಿಸಬಾರದು ಎಂದು ನನ್ನ ಕೋರಿಕೆ. ಕೊಟ್ಟಿಗೆಯಲ್ಲಿ ದನ ಕಟ್ಟಿಹಾಕಿರುವಾಗ ಮನೆ ಬಿಟ್ಟು ಬರುವವರು ನಮ್ಮಲ್ಲಿ ಕಡಿಮೆ. ಇನ್ನು ಕ್ಯೂಸೆಕ್ ಲೆಕ್ಕವು ಪತ್ರಿಕೆಗೆ ಸರಿ, ಹೊಳೆದಂಡೆಯ ಮನೆಯವರಿಗೆ ‘ಕಾಲುಸಂಕ ಮುಳುಗುತ್ತದೆ’ ಎಂದರೆ ಮಾತ್ರ ಅರ್ಥವಾಗುತ್ತದೆ. ಬರೆದ ಮೇಲೆ ಆ ಊರಿನ ಆಶಾ ಕಾರ್ಯಕರ್ತೆಯಿಂದಲೋ ಹಾಲಿನ ಡೇರಿಯವರಿಂದಲೋ ಒಮ್ಮೆ ಗಟ್ಟಿಯಾಗಿ ಓದಿಸಿರಿ. ಅವರು ತಡವರಿಸಿದ ಪದವನ್ನು ಬದಲಿಸಿರಿ.

ಯಾವಾಗ ಕಳುಹಿಸಬೇಕು ಎಂಬುದು ಇನ್ನೂ ಸೂಕ್ಷ್ಮ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 204.5 ತಲುಪಿದರೆ ಅತ್ಯಂತ ಭಾರಿ ಮಳೆ. ಆಗುಂಬೆಯಲ್ಲಿ ಮಳೆಗಾಲದ ಭಾರಿ ಮಳೆ ಸುದ್ದಿಯೇ ಅಲ್ಲ. ಪ್ರತಿ ಹಳದಿ ಎಚ್ಚರಿಕೆಗೂ ಫೋನು ಕಿರುಚಿದರೆ ಜನ ಸೆಟ್ಟಿಂಗ್‌ಗೆ ಹೋಗಿ ಅದನ್ನು ನಿಲ್ಲಿಸಿಬಿಡುತ್ತಾರೆ, ಆಮೇಲೆ ನಿಜವಾದ ರಾತ್ರಿ ಬಂದಾಗ ಅವರನ್ನು ಎಬ್ಬಿಸಲು ನಮ್ಮಲ್ಲಿ ಏನೂ ಉಳಿದಿರುವುದಿಲ್ಲ. ಮನೆ ಬಿಡಬೇಕಾದ, ರಸ್ತೆಯಲ್ಲಿ ತಡೆಯಬೇಕಾದ ಸಂದರ್ಭಕ್ಕೆ ಮಾತ್ರ ಆ ಸದ್ದನ್ನು ಮೀಸಲಿಡಿ. ಉಳಿದದ್ದಕ್ಕೆ ಎಸ್‌ಎಂಎಸ್ ಸಾಕು. ಹಾಗೆಯೇ, ಗಾಳಿಗೆ ಮರ ಬಿದ್ದು ಕರೆಂಟು ಹೋದ ಮೇಲೆ ಟವರುಗಳು ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ನಡೆಯುವುದರಿಂದ, ರಾತ್ರಿಯ ಅಪಾಯಕ್ಕೆ ಸಂಜೆಯ ಬೆಳಕಿರುವಾಗಲೇ ಹೇಳುವುದು ಕ್ಷೇಮ. ಪರೀಕ್ಷೆಯ ಸಂದೇಶವಾದರೆ ‘ಇದು ಪರೀಕ್ಷೆ’ ಎಂಬುದು ಮೊದಲ ಪದಗಳಾಗಿರಲಿ.

ಸಿಗ್ನಲ್ ಇಲ್ಲದ ಮನೆಗಳ ಪಟ್ಟಿಯನ್ನು ಮೇ ತಿಂಗಳಲ್ಲಿಯೇ ಬರೆದಿಟ್ಟುಕೊಳ್ಳಿರಿ. ಹೊಸನಗರ, ಸಾಗರದ ಶರಾವತಿ ಹಿನ್ನೀರಿನ ಕಡೆ ಇಂಥ ಮನೆಗಳು ಈಗಲೂ ಇವೆ. ಒಂದೊಂದು ಮನೆಗೂ ಯಾರು ಹೋಗಿ ಹೇಳುತ್ತಾರೆಂದು ಹೆಸರು ಬರೆಯಿರಿ. ಪಂಚಾಯಿತಿಯ ಕಸದ ಗಾಡಿಯ ಮೈಕು, ದೇವಸ್ಥಾನದ ಮತ್ತು ಮಸೀದಿಯ ಮೈಕು ಇದಕ್ಕೆ ಒದಗುತ್ತವೆ.

ಅಪಾಯ ಕಳೆದ ಮೇಲೆ ಅದನ್ನು ಹೇಳುವ ಸಂದೇಶವನ್ನೂ ಅಷ್ಟೇ ಎಚ್ಚರದಿಂದ ಬರೆಯಬೇಕಾಗುತ್ತದೆ. ಬರಿದೇ ‘ಎಚ್ಚರಿಕೆ ಹಿಂಪಡೆಯಲಾಗಿದೆ’ ಎಂದರೆ ಜನ ಹಸಿ ಗೋಡೆಯ ಮನೆಯೊಳಗೆ ಹೋಗಿ ಮಲಗುತ್ತಾರೆ. ‘ಹೊಳೆ ಇಳಿದಿದೆ. ನೆನೆದ ಗೋಡೆಯ ಮನೆಯಲ್ಲಿ ಇಂದು ಮಲಗಬೇಡಿ. ಕಾಲುಸಂಕವನ್ನು ಪಂಚಾಯಿತಿಯವರು ನೋಡಿ ಹೇಳುವವರೆಗೆ ದಾಟಬೇಡಿ’ ಎಂದು ಬರೆಯಿರಿ.