ಮೂರು ಟ್ಯೂಬಿನ ಹಳೆ ಪ್ರೊಜೆಕ್ಟರ್: ಐಸಿ ಹುಡುಕುವ ಮೊದಲು ಕನೆಕ್ಟರ್ ನೋಡಿ

ಕಾರವಾರದ ಕೋಡಿಬಾಗದ ಒಬ್ಬರ ಮನೆಯಲ್ಲಿ ಹಳೆ ಸಿಆರ್‌ಟಿ ಪ್ರೊಜೆಕ್ಟರ್ ಇದೆ. ಹಳೆ ಟಿವಿಯಲ್ಲಿದ್ದಂಥ ಪಿಕ್ಚರ್ ಟ್ಯೂಬ್, ಕೆಂಪು, ಹಸಿರು, ನೀಲಿಗೆ ಒಂದೊಂದು ಇರುವಂಥದ್ದು. ಆನ್ ಮಾಡಿದರೆ ಫ್ಯಾನ್ ತಿರುಗುತ್ತಿತ್ತು, ಚಿತ್ರ ಬರುತ್ತಿರಲಿಲ್ಲ. ರಿಮೋಟ್ ಒತ್ತಿದರೂ ಸುಮ್ನೆ ಕೂತಿರುತ್ತಿತ್ತು. "ಕಂಟ್ರೋಲ್ ಬೋರ್ಡಿನ ಐಸಿ ಹೋಗಿದೆ ಅಂತಾರೆ ಮಾರಾಯ್ರೆ, ಅದು ಈಗ ಎಲ್ಲಿ ಸಿಗ್ಬೇಕು?" ಅಂದರು. ಐಸಿ ಅಂದರೆ ಬೋರ್ಡಿನ ಮೇಲಿನ ಚಿಪ್. ಈ ಪ್ರೊಜೆಕ್ಟರ್ ಎತ್ತಿ ಸಾಗಿಸೋದು ಕಷ್ಟ, ಹಾಗಾಗಿ ನಾನೇ ಅಲ್ಲಿಗೆ ಹೋದೆ.

ಒಂದು ಎಚ್ಚರಿಕೆ ಮೊದಲೇ ಹೇಳ್ತೇನೆ. ಟ್ಯೂಬಿಗೆ ಹೋಗುವುದು ಸುಮಾರು 30,000 ವೋಲ್ಟ್. ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರುತ್ತದೆ. ಆ ಕೆಲಸ ಗೊತ್ತಿಲ್ಲದವರು ಟ್ಯೂಬಿನ ಹತ್ತಿರ ಕೈ ಹಾಕಲೇಬೇಡಿ.

ಕಂಟ್ರೋಲ್ ಬೋರ್ಡ್ ಹೊರಗೆ ತೆಗೆದು ಟಾರ್ಚ್ ಹಿಡಿದರೆ ಬ್ಯಾಟರಿ ಸುತ್ತ ಹಸಿರು ಕಿಲುಬು. ಸೆಟ್ಟಿಂಗ್ ನೆನಪಿಡಲು ಇಂಥ ಬೋರ್ಡ್‌ಗಳಲ್ಲಿ 3.6 ವೋಲ್ಟಿನ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿ ಹಾಕುತ್ತಿದ್ದರು. ವಯಸ್ಸಾದ ಮೇಲೆ ಅದು ಸೋರಿ ತಾಮ್ರವನ್ನು ತಿನ್ನುತ್ತದೆ. ಮೇಲಿಂದ ನಮ್ಮ ಉಪ್ಪುಗಾಳಿ, ಮಳೆಗಾಲದ ತೇವ ಬೇರೆ.

ಆದರೂ ನೋಡಿದ್ದಷ್ಟೇ ಸಾಲದು, ಅಳೆಯಬೇಕು. ಬೋರ್ಡ್ ಮತ್ತೆ ಒಳಗೆ ಹೋದ ಮೇಲೆ ಮೀಟರ್ ಕಡ್ಡಿ ತೂರಿಸಲು ಜಾಗ ಇರುವುದಿಲ್ಲ, ಅದಕ್ಕೆ ಪ್ರೊಸೆಸರಿನ (ಅಂದರೆ ಆ ಮುಖ್ಯ ಐಸಿಯ) ಸಪ್ಲೈ ಪಿನ್ ಮತ್ತು ಗ್ರೌಂಡಿಗೆ ಮೊದಲೇ ತೆಳು ವೈರ್ ಸೋಲ್ಡರ್ ಮಾಡಿ ಹೊರಗೆ ಎಳೆದುಕೊಂಡೆ. ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಇಡುವ ರೆಗ್ಯುಲೇಟರ್ ಹತ್ತಿರ 5.04 ವೋಲ್ಟ್ ಸರಿಯಾಗಿಯೇ ಇತ್ತು. ಪ್ರೊಸೆಸರ್ ಹತ್ತಿರ ಮಾತ್ರ 4.5. ಹಳೆ 5 ವೋಲ್ಟ್ ಐಸಿಗಳಿಗೆ ಸಾಮಾನ್ಯವಾಗಿ 4.75ಕ್ಕಿಂತ ಕಡಿಮೆ ಆಗಬಾರದು. ಅಷ್ಟು ಇಳಿದರೆ ರಿಸೆಟ್ ಸರ್ಕ್ಯೂಟ್ ಪ್ರೊಸೆಸರನ್ನು ಏಳಲು ಬಿಡುವುದಿಲ್ಲ. ಐಸಿ ಸತ್ತ ಹಾಗೇ ಕಾಣುತ್ತದೆ, ಅಲ್ವಾ?

ಮಧ್ಯದ ಅರ್ಧ ವೋಲ್ಟ್ ಎಲ್ಲಿ ಹೋಯಿತು? ಮೀಟರಿನ ಒಂದು ಕಡ್ಡಿ ಬೋರ್ಡಿಗೆ ಕರೆಂಟ್ ಬರುವ ಕನೆಕ್ಟರಿನ ಈಚೆ, ಇನ್ನೊಂದು ಆಚೆ ಇಟ್ಟೆ. ಒಳ್ಳೆ ಪಿನ್ ಆದರೆ ಕೆಲವೇ ಮಿಲಿವೋಲ್ಟ್ ತೋರಿಸಬೇಕು. 5 ವೋಲ್ಟ್ ಲೈನಿನ ಪಿನ್ನಲ್ಲೇ 0.4 ಸಿಕ್ಕಿತು! ಬಹಳ ಜನ ಆಫ್ ಮಾಡಿ ಮೀಟರಿನ ಬಝರ್ ಶಬ್ದ ಕೇಳಿ ಪಿನ್ ಸರಿ ಇದೆ ಅಂತಾರೆ. ಕರೆಂಟ್ ಹರಿಯುವಾಗ ಅಳೆದರೇನೇ ನಿಜ ಗೊತ್ತಾಗೋದು.

ಬ್ಯಾಟರಿಯ ದ್ರವ ಕ್ಷಾರ. ಅದಕ್ಕೆ ಬ್ಯಾಟರಿ ಕಿತ್ತು, ಜಾಗವನ್ನು ವಿನೆಗರ್ ಅದ್ದಿದ ಬ್ರಷ್‌ನಿಂದ ಉಜ್ಜಿ, ಡಿಸ್ಟಿಲ್ಡ್ ನೀರಲ್ಲಿ ತೊಳೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಚೆನ್ನಾಗಿ ಒಣಗಿಸಿದೆ. ಕನೆಕ್ಟರ್ ಹೊಸದು ಹಾಕಿದೆ. ಒಳಗೆ ಹತ್ತಿದ ಕಿಲುಬನ್ನು ಸ್ಪ್ರೇ ಹೊಡೆದು ನಂಬುವ ಧೈರ್ಯ ನನಗಿಲ್ಲ. ತಿಂದುಹೋದ ಟ್ರ್ಯಾಕಿಗೆ, ಅಂದರೆ ಬೋರ್ಡಿನ ತಾಮ್ರದ ಗೆರೆಗೆ, ವೈರ್ ಜೋಡಿಸಿದೆ. ಹೊಸ ಬ್ಯಾಟರಿ ಅದೇ ವೋಲ್ಟೇಜಿನ ನಿಕ್ಕಲ್ ಮೆಟಲ್ ಹೈಡ್ರೈಡ್, ಉದ್ದ ವೈರ್ ಕೊಟ್ಟು ಬೋರ್ಡಿನಿಂದ ದೂರ ಕಟ್ಟಿದೆ. ಲಿಥಿಯಂ ಬಟನ್ ಸೆಲ್ ನೇರವಾಗಿ ಹಾಕಬೇಡಿ, ಬೋರ್ಡ್ ಅದನ್ನು ಚಾರ್ಜ್ ಮಾಡಲು ನೋಡುತ್ತದೆ, ಅಪಾಯ.

ಇನ್ನೊಂದು ಮಾತು. ಟ್ಯೂಬಿನೊಳಗೆ ಚಿತ್ರ ಬರೆಯುವ ಎಲೆಕ್ಟ್ರಾನ್ ಬೀಮ್ ಮೇಲೆ ಕೆಳಗೆ ಓಡಾಡುವುದು ನಿಂತರೆ ಇಂಥ ಪ್ರೊಜೆಕ್ಟರ್ ಸಾಮಾನ್ಯವಾಗಿ ತಾನೇ ಚಿತ್ರ ನಿಲ್ಲಿಸುತ್ತದೆ. ಕಂಟ್ರೋಲ್ ಬೋರ್ಡ್ ದೋಷ ಅಂದುಕೊಂಡು ಕೆಲವರು ಆ ರಕ್ಷಣೆಯನ್ನೇ ಶಾರ್ಟ್ ಮಾಡುತ್ತಾರೆ. ಬೀಮ್ ಒಂದೇ ಗೆರೆಯಲ್ಲಿ ನಿಂತರೆ ಕ್ಷಣಗಳಲ್ಲಿ ಟ್ಯೂಬಿನ ಬೆಳಗುವ ಲೇಪ, ಫಾಸ್ಫರ್, ಸುಟ್ಟುಹೋಗುತ್ತದೆ. ಆ ಟ್ಯೂಬ್ ಮತ್ತೆಲ್ಲಿಂದ ತರೋದು?

ಆನ್ ಮಾಡಿದಾಗ ರಿಮೋಟ್ ಮಾತು ಕೇಳಿತು, ಆದರೆ ಹಳೆ ಸೆಟ್ಟಿಂಗ್ ಎಲ್ಲ ಹೋಗಿತ್ತು. ಮೂರು ಬಣ್ಣ ಮೂರು ಕಡೆ. ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ಮೊದಲು ಹಸಿರು ಒಂದನ್ನೇ ಪರದೆಗೆ ನೇರ ಮಾಡಿ, ಆಮೇಲೆ ಅದರ ಮೇಲೆ ಕೆಂಪು, ಕೊನೆಗೆ ನೀಲಿ ಕೂರಿಸಿದೆ. ಮೂಲೆಗಳಿಗೇ ಜಾಸ್ತಿ ಹೊತ್ತು ಹಿಡಿಯಿತು. ಹೊಂದಿಸಿದ ಸಂಖ್ಯೆಗಳನ್ನು ಕಾಗದದಲ್ಲಿ ಬರೆದು, ಇನ್ನು ಮಳೆಗಾಲದಲ್ಲೂ ಆಗಾಗ ಆನ್ ಮಾಡಿ ಅಂತ ಹೇಳಿ ಅವರ ಕೈಗೆ ಕೊಟ್ಟು ಬಂದೆ.